ಬ್ಯಾಕಪ್ಪಿನ ಬೀಗ: ತೆಗೆಯುವ ಮುನ್ನ ಯೋಚಿಸಬೇಕಾದ್ದು

ಕೊಚ್ಚಿ: ಕೊಚ್ಚಿ ಮತ್ತು ತಿರುವನಂತಪುರದಲ್ಲಿ ಹೋಟೆಲು, ಅಂಗಡಿ ನಡೆಸುತ್ತಿರುವ ಕನ್ನಡಿಗರ ಲೆಕ್ಕಪತ್ರವೂ ಖಾತೆ ಪುಸ್ತಕದಿಂದ ಕಂಪ್ಯೂಟರಿಗೆ, ಅಲ್ಲಿಂದ ಕ್ಲೌಡಿಗೆ ಹೋಗತೊಡಗಿದೆ. ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿ ತಿಂಗಳ ಬಾಡಿಗೆಗೆ ಪಡೆದ ಜಾಗ, ಅಷ್ಟೇ. ಮೈಕ್ರೋಸಾಫ್ಟ್‌ನ ಅಜೂರ್ ಸೇವೆಯನ್ನೇ ತೆಗೆದುಕೊಂಡರೆ, ಅದರ ಕೇಂದ್ರಗಳು ಪುಣೆ, ಚೆನ್ನೈ, ಮುಂಬಯಿಗಳಲ್ಲಿವೆ, ಕೇರಳದಲ್ಲಿಲ್ಲ.

ಸಾಫ್ಟ್‌ವೇರ್ ಬದಲಿಸಿದವರು ಬಾಡಿಗೆ ಉಳಿಸಲೆಂದು ಹಳೆಯ ಖಾತೆಯನ್ನು ಅಳಿಸಹೊರಟಾಗ, ಬೀಗವಿರುವುದರಿಂದ ಸಾಧ್ಯವಿಲ್ಲ ಎಂಬ ಸೂಚನೆ ಬರುವುದುಂಟು. ಇದು ಬ್ಯಾಕಪ್ ವ್ಯವಸ್ಥೆ ತಾನಾಗಿ ಹಾಕಿದ 'ಅಜೂರ್ ಬ್ಯಾಕಪ್ ಪ್ರೊಟೆಕ್ಷನ್ ಲಾಕ್'. ಮಾಲೀಕನ ಅಧಿಕಾರವುಳ್ಳ ಯಾರೂ ಇದನ್ನು ನಿಮಿಷದಲ್ಲಿ ತೆಗೆಯಬಹುದು. ಅಪಾಯವಿರುವುದೇ ಇಲ್ಲಿ. ಕಡತಗಳ ಸಾಮಾನ್ಯ ಬ್ಯಾಕಪ್ಪಿನಲ್ಲಿ ಪ್ರತಿಗಳು ಅದೇ ಖಾತೆಯೊಳಗೆ ಕುಳಿತಿರುತ್ತವೆ. ಬೀಗ ತೆಗೆದು ಖಾತೆ ಅಳಿಸಿದರೆ ಅಸಲಿನ ಜೊತೆ ನಕಲೂ ಹೋಗುತ್ತದೆ. ಅಳಿಸಿದ ಖಾತೆಯನ್ನು 14 ದಿನಗಳೊಳಗೆ ಮರಳಿ ಪಡೆಯುವ ಅವಕಾಶ ಕೆಲವು ಷರತ್ತುಗಳ ಮೇಲೆ ಇದೆಯಾದರೂ ಖಾತರಿ ಇಲ್ಲ. ಪ್ರತಿಯನ್ನು ಪ್ರತ್ಯೇಕ ಭಂಡಾರದಲ್ಲಿಡುವ ಬಗೆಯೂ ಉಂಟು. ತಮ್ಮದು ಯಾವ ಬಗೆಯದೆಂದು ಮೊದಲೇ ವಿಚಾರಿಸಿಕೊಳ್ಳುವುದು ಮಾಲೀಕರ ಕೆಲಸ, ಕಂಪ್ಯೂಟರ್ ಹುಡುಗನದಲ್ಲ.

ಬ್ಯಾಂಕುಗಳ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈಗಳಿದ್ದು, ಅವು ಇಬ್ಬರು ಬೇರೆ ಬೇರೆ ನೌಕರರ ವಶದಲ್ಲಿರುತ್ತವೆ. ನಕಲಿ ಕೀಲಿಕೈಗಳು ಇನ್ನೊಂದು ಶಾಖೆಯಲ್ಲಿ ಠೇವಣಿಯಾಗಿರುತ್ತವೆ. ಎಷ್ಟೇ ನಂಬಿಕಸ್ಥನಾದರೂ ಒಬ್ಬನೇ ಬಾಗಿಲು ತೆರೆಯುವಂತಿಲ್ಲ. ಅಜೂರ್‌ನಲ್ಲಿಯೂ ಬ್ಯಾಕಪ್ಪನ್ನು ನಿಲ್ಲಿಸುವಂಥ ಕೆಲಸಕ್ಕೆ ಎರಡನೆಯವರ ಒಪ್ಪಿಗೆ ಬೇಕೆಂದು ನಿಗದಿಪಡಿಸುವ 'ರಿಸೋರ್ಸ್ ಗಾರ್ಡ್' ಎಂಬ ಏರ್ಪಾಡಿದೆ. ಆದರೆ ಅದು ತಾನಾಗಿ ಬರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಸಣ್ಣ ವ್ಯಾಪಾರದಲ್ಲಿ ಎಲ್ಲ ಪಾಸ್‌ವರ್ಡೂ ಒಬ್ಬರ ಜೇಬಿನಲ್ಲಿರುವುದು ವಾಡಿಕೆ.

ಇದು ಬರೀ ಕೈತಪ್ಪಿನ ಪ್ರಶ್ನೆಯಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆದು, ವಿಕಿರಣ ಚಿಕಿತ್ಸೆಗೆ ಕೆಲವು ದಿನ ಅಡ್ಡಿಯಾಯಿತು. ಸರದಿಗಾಗಿ ದೂರದ ಜಿಲ್ಲೆಗಳಿಂದ ರೈಲು ಹತ್ತಿ ಬರುವ ರೋಗಿಗೆ ಒಂದೊಂದು ದಿನವೂ ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ. ಹಣಕ್ಕಾಗಿ ಕಡತಗಳನ್ನು ಬಂಧಿಸುವ ಇಂತಹ ದಾಳಿಕೋರರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಅದು ಉಳಿದರೆ ಯಾರೂ ಹಣ ಕೊಡುವುದಿಲ್ಲವಲ್ಲ! ಮಾಲೀಕನ ಪಾಸ್‌ವರ್ಡ್ ಅವರ ಕೈಸೇರಿದರೆ ಒಂಟಿ ಬೀಗ ಅವರನ್ನು ತಡೆಯದು.

ನಕಲೇ ಬೇರೆಡೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ದಕ್ಷಿಣ ಕೊರಿಯಾ ಕಂಡಿದೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರಕಾರಿ ನೌಕರರ ಸುಮಾರು 858 ಟೆರಾಬೈಟ್ ಕಡತಗಳು ನಾಶವಾದವು. ಅಷ್ಟು ಶ್ರೀಮಂತ ದೇಶದಲ್ಲಿ ಹೀಗಾಯಿತೆಂದರೆ ನಂಬುವುದು ಕಷ್ಟ.

ಹಾಗೆಂದು ಬೀಗ ತೆಗೆಯಲೇಬಾರದೆಂದಲ್ಲ. ಬೇಡದ ಖಾತೆಗೆ ಬಾಡಿಗೆ ಕಟ್ಟುತ್ತ ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಮೊದಲು ಬೇಕಾದ ಕಡತಗಳನ್ನು ಬೇರೆಡೆಗೆ ಇಳಿಸಿ, ನಾಲ್ಕಾರನ್ನು ತೆರೆದು ನೋಡಬೇಕು. ಬಳಿಕ ಬ್ಯಾಕಪ್ ನಿಲ್ಲಿಸಿ, ಹಳೆಯ ಪ್ರತಿಗಳನ್ನು ಅಳಿಸಿ, ಬ್ಯಾಕಪ್ ಭಂಡಾರದಿಂದ ಖಾತೆಯ ನೋಂದಣಿ ರದ್ದುಪಡಿಸಬೇಕು. ಅಳಿಸಿದ ಪ್ರತಿಗಳು ಸಾಮಾನ್ಯವಾಗಿ 14 ದಿನ ಕಾಯ್ದಿರಿಸಿದ ಸ್ಥಿತಿಯಲ್ಲಿರುವುದರಿಂದ ತಾಳ್ಮೆ ಬೇಕು. ಬೀಗದ ಸರದಿ ಕೊನೆಗೆ.

ಕಾನೂನಿನ ಮಾತೂ ಇದೆ. ನೋಂದಾಯಿತ ಕಂಪನಿಗಳು ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಲಾಯಿತು. ಕಂಪನಿಯಲ್ಲದ ಹೋಟೆಲಿಗೆ ಇದು ಅನ್ವಯಿಸದಿದ್ದರೂ ಜಿಎಸ್‌ಟಿ ಬಿಡುವುದಿಲ್ಲ. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಡಬೇಕು. ಅಂದರೆ 2022-23ರ ಬಿಲ್ಲುಗಳನ್ನು ಅಧಿಕಾರಿಗಳು 2029ರ ಡಿಸೆಂಬರ್ ಕೊನೆಯವರೆಗೂ ಕೇಳಬಹುದು.