ಮರೆತುಹೋದ ನಾಲ್ಕನೆಯ ದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರು ಜೈನ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ನಾಲ್ಕು ಬಗೆಯಾಗಿ ಎಣಿಸುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನು, ಎಂದರೆ ತಂಗುವ ನೆಲೆಯನ್ನು, ಹೇಳಿದ್ದಾರೆ. ಆ ಆವಾಸದಾನ ಇಂದು ಯಾತ್ರಿನಿವಾಸದ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿಸುವುದಕ್ಕೆ ಸೀಮಿತವಾಗಿದೆ. ಆ ಗೋಡೆಯನ್ನು ಕಟ್ಟುವ ಕೂಲಿಯ ಕುಟುಂಬ ಅದರ ಮಗ್ಗುಲಲ್ಲೇ ನೀಲಿ ಪ್ಲಾಸ್ಟಿಕ್ ಹಾಳೆಯ ಗುಡಾರದಲ್ಲಿ ಮಲಗುತ್ತದೆ.

ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಬರುವ ಇಂತಹ ಕುಟುಂಬಗಳ ದಿನಚರಿಯನ್ನು ಕಟ್ಟಡದ ಕೆಲಸ ನೋಡಲು ಹೋದ ಯಾರೂ ಕಾಣಬಹುದು. ಹೆಂಗಸರು ಬೆಳಕು ಹರಿಯುವ ಮೊದಲೇ ಬಯಲಿಗೆ ಹೋಗಿ ಬರಬೇಕು. ತಪ್ಪಿದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಅದಕ್ಕೆ ಹೆದರಿ ಹಗಲೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆ ನೀರಾದರೂ ಕೊಡಕ್ಕೆ ಇಷ್ಟೆಂದು ಕೊಂಡದ್ದು. ಮೂರು ಕಲ್ಲಿನ ಒಲೆಗೆ ಸೆಂಟ್ರಿಂಗ್ ಹಲಗೆಯ ಚೂರುಗಳೇ ಸೌದೆ. ರೊಟ್ಟಿ ಬಡಿದಿಟ್ಟು ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋದರೆ ಕೈಗೂಸನ್ನು ನೋಡಿಕೊಳ್ಳುವ ಭಾರ ಎಂಟು ವರ್ಷದ ಅಕ್ಕನದು. ಅವಳ ಶಾಲೆ ಊರಿನಲ್ಲೇ ಉಳಿಯಿತು. ಗುಡಾರಕ್ಕೆ ಬಾಗಿಲಿಲ್ಲ, ಬೀಗವಿರುವುದು ತಗಡಿನ ಪೆಟ್ಟಿಗೆಗೆ ಮಾತ್ರ. ಬೆಳೆದ ಮಗಳಿರುವ ತಾಯಿಗೆ ರಾತ್ರಿ ನಿಶ್ಚಿಂತೆಯ ನಿದ್ರೆಯಿಲ್ಲ. ಮಳೆ ಬಂದರೆ ಹಾಸಿಗೆ ಸುತ್ತಿಟ್ಟು ಕುಳಿತೇ ಬೆಳಗು ಮಾಡಬೇಕು. ಕಟ್ಟಡ ಮುಗಿದಾಗ ಗುಡಾರ ಕಿತ್ತು ಮತ್ತೊಂದು ನೆಲ ಹುಡುಕಬೇಕು. 2011ರ ಜನಗಣತಿ ದೇಶದಲ್ಲಿ 17 ಲಕ್ಷಕ್ಕೂ ಮಿಕ್ಕ ವಸತಿಹೀನರನ್ನು ಎಣಿಸಿತು.

ಈ ಮಾತು ಎತ್ತಿದೊಡನೆ ಬರುವ ಮೊದಲ ಉತ್ತರ, ಅದು ಅವರವರ ಪೂರ್ವಕರ್ಮ ಎಂಬುದು. ಕರ್ಮಸಿದ್ಧಾಂತ ಇರುವುದು ತನ್ನ ಆತ್ಮವನ್ನು ಶೋಧಿಸಿಕೊಳ್ಳುವುದಕ್ಕೆ. ಪರರ ದುಃಖದ ಮೇಲೆ ತೀರ್ಪು ಕೊಡುವುದಕ್ಕಲ್ಲ. ರೋಗವೂ ಕರ್ಮಫಲವೇ, ಹಾಗೆಂದು ಔಷಧದಾನವನ್ನು ಯಾವ ಆಚಾರ್ಯರೂ ಬೇಡವೆನ್ನಲಿಲ್ಲ. ಪರರಿಗೆ ದುಃಖವನ್ನುಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೂ, ಜೀವಿಗಳಲ್ಲಿ ಅನುಕಂಪೆ ಮತ್ತು ದಾನಗಳು ಸಾತಾವೇದನೀಯದ ಆಸ್ರವಕ್ಕೂ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಗುಡಾರದವರ ಕರ್ಮವನ್ನು ಲೆಕ್ಕ ಹಾಕುವ ಶ್ರಾವಕನು ತನ್ನ ಖಾತೆಯನ್ನೂ ತೆರೆದು ನೋಡಬೇಕು.

ಎರಡನೆಯ ಉತ್ತರ ಶಾಸ್ತ್ರದ ಹೆಸರಿನಲ್ಲಿ ಬರುತ್ತದೆ: ಆಚಾರ್ಯರು ಹೇಳಿದ ಆವಾಸದಾನ ಮುನಿಗಳ ವೈಯಾವೃತ್ತ್ಯಕ್ಕೆ ಸಂಬಂಧಿಸಿದ್ದು, ಕೂಲಿಯವರಿಗಲ್ಲ ಎಂದು. ಪ್ರಕರಣ ವೈಯಾವೃತ್ತ್ಯದ್ದೇ ನಿಜ. ಆದರೆ ಜಿನಸೇನಾಚಾರ್ಯರ ಆದಿಪುರಾಣ ಪಾತ್ರದತ್ತಿಯ ಜೊತೆಗೆ ದಯಾದತ್ತಿಯನ್ನೂ ಹೇಳಿದೆ. ದಯೆಗೆ ಬೇಕಾದ ಅರ್ಹತೆ ಸಂಕಟವೊಂದೇ. ಮುನಿಯೂ ಅನಗಾರನೇ ಅಲ್ಲವೇ ಎಂಬ ವಾದವಂತೂ ತೀರ ಹುರುಳಿಲ್ಲದ್ದು. ಮುನಿ ಮನೆಯನ್ನು ತ್ಯಜಿಸಿದವನು. ಕೂಲಿಯವನು ಮನೆ ದೊರೆಯದವನು. ತ್ಯಾಗವನ್ನೂ ಅಭಾವವನ್ನೂ ಒಂದೇ ಎಂದವನಿಗೆ ಎರಡೂ ತಿಳಿದಿಲ್ಲ. ಚಾತುರ್ಮಾಸದಲ್ಲಿ ಮುನಿಗಳಿಗೆ ವಸತಿಯನ್ನು ಸಿದ್ಧಪಡಿಸಲು ಸಮಾಜ ತಿಂಗಳುಗಟ್ಟಲೆ ಶ್ರಮಿಸುತ್ತದೆ, ಅದು ಸರಿಯಾದುದೇ. ಅದೇ ಮಳೆಗಾಲದಲ್ಲಿ ಅದೇ ಆವರಣದ ಆಚೆ ಬಾಣಂತಿಯೊಬ್ಬಳು ಒದ್ದೆ ನೆಲದ ಮೇಲಿದ್ದರೆ ಆ ಶ್ರಮದಲ್ಲಿ ಒಂದು ಪಾಲು ಅವಳಿಗೆ ಏಕಿಲ್ಲ?

ಮೂರನೆಯ ಉತ್ತರ ಎಲ್ಲಕ್ಕಿಂತ ಅನುಕೂಲವಾದುದು: ಅದು ಗುತ್ತಿಗೆದಾರನ ಹೊಣೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಬಾಡಿಗೆಯಿಲ್ಲದ ತಾತ್ಕಾಲಿಕ ವಸತಿ, ಅಡುಗೆಗೆ ಪ್ರತ್ಯೇಕ ಜಾಗ, ಸ್ನಾನ, ಶೌಚದ ಅನುಕೂಲ ಇರಬೇಕೆಂದು 1996ರ ಕಾನೂನೇ ಉದ್ಯೋಗದಾತನಿಗೆ ವಿಧಿಸಿತು. ಕಾನೂನಿನ ಕಣ್ಣಿಗೆ ಹೊಣೆ ಗುತ್ತಿಗೆದಾರನದೆಂದೇ ಇಟ್ಟುಕೊಂಡರೂ ಧರ್ಮದ ಕಣ್ಣಿಗೆ ಹಾಗಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಲ್ಲೂ ಹಿಂಸೆ ಅಂಟುತ್ತದೆಂದು ಬೋಧಿಸುವ ಧರ್ಮವಿದು. ಅತ್ಯಂತ ಕಡಿಮೆ ದರ ಕೂಗಿದವನಿಗೆ ಕೆಲಸ ಒಪ್ಪಿಸಿ, ಆ ದರ ಯಾರ ಹೊಟ್ಟೆಯಿಂದ, ಯಾರ ನಿದ್ರೆಯಿಂದ ಕಡಿಮೆಯಾಯಿತೆಂದು ಕೇಳದ ಟ್ರಸ್ಟು ಕಾರಿತದಿಂದಲೂ ಅನುಮೋದನೆಯಿಂದಲೂ ಪಾರಾಗಲಾರದು. ನೀರು ಸೋಸಿ ಸೂಕ್ಷ್ಮಜೀವಿಗಳನ್ನು ಕಾಯುವವರಿಗೆ ಎದುರಿನ ಮನುಷ್ಯಜೀವ ಕಾಣದಿರುವುದಕ್ಕೆ ಸಮಾಧಾನವಿಲ್ಲ.

ಮಾಡಬೇಕಾದುದು ದೊಡ್ಡದೇನಲ್ಲ. ಬಸದಿಯಾಗಲಿ, ಯಾತ್ರಿನಿವಾಸವಾಗಲಿ, ಸ್ವಂತ ಮನೆಯಾಗಲಿ, ಅಂದಾಜುಪಟ್ಟಿಯಲ್ಲಿ ಅಮೃತಶಿಲೆಗೆ ಒಂದು ಸಾಲು ಇರುವಂತೆ ಕೆಲಸಗಾರರ ವಸತಿಗೂ ಒಂದು ಸಾಲು ಇರಲಿ: ಗಟ್ಟಿ ನೆಲದ, ಬಾಗಿಲಿರುವ ತಗಡಿನ ಕೋಣೆಗಳು, ಶೌಚಾಲಯ, ನಲ್ಲಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ. ಕರಾರುಪತ್ರದಲ್ಲಿ ಇದು ಷರತ್ತಾಗಲಿ. ಉತ್ಸವಗಳಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿರುವ ಧರ್ಮಶಾಲೆಯ ಕೋಣೆಗಳು ಮಳೆಗಾಲದಲ್ಲಾದರೂ ತೆರೆಯಲಿ. ಈ ನೆಲೆ ಸಿದ್ಧವಾಗುವ ತನಕ ಶಿಲಾನ್ಯಾಸದ ಮುಹೂರ್ತ ನಿಶ್ಚಯಿಸಬಾರದೆಂದು ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ಸಭೆಯಲ್ಲಿ ನಿರ್ಣಯ ಮಾಡಲಿ.