ಅಂಗಳದ ದೊಡ್ಡ ಡಿಶ್ಶನ್ನು ಗುಜರಿಗೆ ಕೊಡುವ ಮುನ್ನ

ಮಲೆನಾಡಿನ ಎಷ್ಟೋ ತೋಟದ ಮನೆಗಳ ಅಂಗಳದಲ್ಲಿ ಒಂದು ದೊಡ್ಡ ಡಿಶ್ ಆಂಟೆನಾ ಇಂದಿಗೂ ನಿಂತಿದೆ. 1990ರ ದಶಕದಲ್ಲಿ, ಕೇಬಲ್ ಎಳೆಯಲು ಯಾರೂ ಬಾರದ ಒಂಟಿ ಮನೆಗಳವರು ಕೈಯಿಂದ ಹಣ ಹಾಕಿ ನಿಲ್ಲಿಸಿದ 8 ಅಡಿ, 10 ಅಡಿಯ ತಟ್ಟೆಗಳಿವು. ಚಿಕ್ಕ ಡಿಶ್ ಬಂದ ಮೇಲೆ ಇವನ್ನು ಕೇಳುವವರಿಲ್ಲ. ಕೆಲವಕ್ಕೆ ಬಸಳೆ ಬಳ್ಳಿ ಹಬ್ಬಿದೆ. ಕೆಲವು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ. ಇದು ದುಡುಕು ಎಂದು ನನ್ನ ಅಭಿಪ್ರಾಯ.

ತಟ್ಟೆ ಹಳೆಯದಾದರೂ ಅದರ ಕೆಲಸ ಹಳೆಯದಾಗುವುದಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ್ದು ಸುಮಾರು 10 ಅಡಿಯ ತಂತಿಬಲೆಯ ತಟ್ಟೆಗಳೇ. ನಮ್ಮ ಅಂಗಳದ ಡಿಶ್‌ಗಳಲ್ಲಿ ನಿರುಪಯುಕ್ತವಾದದ್ದು ಹಳೆಯ ಅನಲಾಗ್ ರಿಸೀವರ್ ಮಾತ್ರ. ಅದರ ಬದಲು ಡಿಜಿಟಲ್ ರಿಸೀವರ್, ಅಗತ್ಯವಿದ್ದರೆ ಹೊಸ ಸಿ ಬ್ಯಾಂಡ್ ಎಲ್‌ಎನ್‌ಬಿ ಹಾಕಿದರೆ ದೂರದರ್ಶನದ ವಾಹಿನಿಗಳೂ ಬೀಗವಿಲ್ಲದೆ ಬರುವ ಇತರ ಕೆಲವು ವಾಹಿನಿಗಳೂ ತಿಂಗಳ ಬಾಡಿಗೆಯಿಲ್ಲದೆ ದೊರೆಯುತ್ತವೆ. ಹಣ ಕೊಟ್ಟು ನೋಡುವ ವಾಹಿನಿಗಳು ಇದರಲ್ಲಿ ಬಾರವು. ಬರಿಸುತ್ತೇನೆನ್ನುವವರ ಮಾತಿಗೆ ಮರುಳಾಗಬಾರದು.

“2004ರಿಂದ ದೂರದರ್ಶನದ್ದೇ ಉಚಿತ ಡಿಶ್ ಸೇವೆ ಇದೆಯಲ್ಲ, ಎರಡು ಅಡಿಯ ತಟ್ಟೆ ಸಾಲದೇ?” ಎಂದು ಕೇಳಬಹುದು. ಹೊಸದಾಗಿ ಕೊಳ್ಳುವವರಿಗೆ ಅದೇ ಸರಿ. ಆದರೆ ನಮ್ಮ ಮಳೆಯನ್ನು ಮರೆಯಬಾರದು. ಚಿಕ್ಕ ಡಿಶ್ ಹಿಡಿಯುವ ಕೆಯು ಬ್ಯಾಂಡಿನ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್; ಜಡಿಮಳೆಯ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಸಿ ಬ್ಯಾಂಡಿನ ಅಲೆ ಸುಮಾರು ಏಳೂವರೆ ಸೆಂಟಿಮೀಟರ್. ಅದಕ್ಕೆ ಮಳೆಯ ಕಾಟ ಬಹಳ ಕಡಿಮೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ಎಂದು ಹೊಳವಾದೀತೆಂದು ಕಾದು ಕುಳಿತ ಆಷಾಢದಲ್ಲೇ ಹವಾಮಾನದ ಸುದ್ದಿ ಬೇಕು; ಚಿಕ್ಕ ಡಿಶ್ ಕೈಕೊಡುವುದೂ ಆಗಲೇ. ಮೊಬೈಲ್ ಇದೆ ಎನ್ನೋಣವೆಂದರೆ, ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರೂ ಮಲಗುವ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಮನೆಯಲ್ಲಿ ಒಂದು ಬ್ಯಾಟರಿ ಇದ್ದರೆ ದೊಡ್ಡ ಡಿಶ್ ಆಗಲೂ ನಡೆಯುತ್ತದೆ.

ಕೈಹಚ್ಚುವವರು ಕೆಲವು ಸಂಗತಿ ಗಮನಿಸಬೇಕು. ತಟ್ಟೆ ಸೊಟ್ಟಗಾಗಿರಬಾರದು, ಬಾಯಿಗೆ ಅಡ್ಡ ಎರಡು ದಾರ ಬಿಗಿದಾಗ ನಡುವೆ ಅವು ಒಂದಕ್ಕೊಂದು ತಾಗಿದರೆ ಸರಿಯಿದೆ ಎನ್ನಬಹುದು. ಎಲ್‌ಎನ್‌ಬಿಯ ಜಾಗ ತಪ್ಪಿದ್ದರೆ ತಟ್ಟೆಯ ಅಗಲದ ವರ್ಗವನ್ನು ಆಳದ 16 ಪಟ್ಟಿನಿಂದ ಭಾಗಿಸಿ ದೂರ ಕಂಡುಕೊಳ್ಳಬೇಕು. 96 ಅಂಗುಲ ಅಗಲ, 15 ಅಂಗುಲ ಆಳದ ತಟ್ಟೆಗೆ ಅದು ತಳದಿಂದ ಸುಮಾರು 38 ಅಂಗುಲ. 93.5 ಡಿಗ್ರಿ ಪೂರ್ವದಲ್ಲಿರುವ ಉಪಗ್ರಹಗಳು ಚಿಕ್ಕಮಗಳೂರಿನ ಕಡೆಯಿಂದ ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಎತ್ತರದಲ್ಲಿವೆ. ಆ ದಿಕ್ಕಿನಲ್ಲಿ 60 ಅಡಿಯ ಅಡಿಕೆ ಮರ 30 ಅಡಿಗಿಂತ ಆಚೆ ಇದ್ದರೆ ಅಡ್ಡಿಯಿಲ್ಲ. ಸಿಲ್ವರ್ ಮರದ ರೆಂಬೆ ಕಸಿಯಬೇಕಾದೀತು. 2022ರಲ್ಲಿ ಹರಾಜಾದ 5ಜಿ ತರಂಗಗಳು ಸಿ ಬ್ಯಾಂಡಿನ ಪಕ್ಕದವೇ ಆದ್ದರಿಂದ, ಹತ್ತಿರ ಟವರ್ ಇದ್ದಲ್ಲಿ ಫಿಲ್ಟರ್ ಬೇಕಾಗಬಹುದು. ಕಂಬಕ್ಕೆ ಅರ್ಥಿಂಗ್ ಕೊಡದೆ ಬಿಡಬಾರದು. ಏಪ್ರಿಲ್, ಮೇ ತಿಂಗಳ ಸಿಡಿಲು ನಮಗೆ ಹೊಸದಲ್ಲ.

ತುಕ್ಕು ಹಿಡಿದು ಬಲೆ ಹರಿದ ತಟ್ಟೆಗೆ ಮಾತ್ರ ಗುಜರಿಯೇ ಗತಿ. ಆದರೆ ಗಟ್ಟಿಯಿರುವುದನ್ನು ಉಳಿಸಿಕೊಳ್ಳಲು ಒಬ್ಬೊಬ್ಬರೇ ಒದ್ದಾಡಬೇಕಿಲ್ಲ. ಉಪಗ್ರಹ ಹುಡುಕುವ ಮೀಟರೊಂದು, ಪರೀಕ್ಷೆಗೆಂದು ಒಂದು ರಿಸೀವರ್ ಮತ್ತು ಎಲ್‌ಎನ್‌ಬಿ ನಮ್ಮ ಸಂಘದಲ್ಲಿದ್ದು, ವಿದ್ಯುತ್ ಕೆಲಸ ಬಲ್ಲ ಒಬ್ಬಿಬ್ಬರು ಯುವಕರನ್ನು ತರಬೇತುಗೊಳಿಸಿದರೆ ಸದಸ್ಯರು ದುಡ್ಡು ಹಾಕುವ ಮೊದಲೇ ತಮ್ಮ ಡಿಶ್ ನಡೆಯುವುದೋ ಇಲ್ಲವೋ ತಿಳಿಯಬಹುದು. ಸಿಂಪಡಣೆ ಪಂಪು ಬಾಡಿಗೆಗೆ ಕೊಡುವ ಸಂಘಕ್ಕೆ ಇದು ಭಾರವಲ್ಲ. ಆಡಳಿತ ಮಂಡಳಿ ಮುಂಗಾರಿಗೆ ಮೊದಲೇ ಈ ವಿಷಯ ಆಲೋಚಿಸಬೇಕೆಂದೂ, ಅಲ್ಲಿಯವರೆಗೆ ಸದಸ್ಯ ಬಾಂಧವರು ಗುಜರಿಯವನನ್ನು ಗೇಟಿನಿಂದಲೇ ಹಿಂದೆ ಕಳುಹಿಸಬೇಕೆಂದೂ ನನ್ನ ವಿನಂತಿ.