ಅಕ್ಷರ-ಚಿತ್ರದ ಭಾಷಣ ಹಿರೇಕೊಟ್ನೆಕಲ್ಲಿಗೂ ಬರಲಿ

"ದೃಶ್ಯಕಲೆ ಮತ್ತು ಪ್ರಯೋಗಶೀಲ ಸಾಹಿತ್ಯದ ಬೆಸುಗೆ: ಸಾರ್ವಜನಿಕ ಉಪನ್ಯಾಸ."

ಇಂಥದೊಂದು ಕಾಗದ ಹಿರೇಕೊಟ್ನೆಕಲ್ಲಿನ ಚಹಾದಂಗಡಿಯ ಕಂಬಕ್ಕೆ ಅಂಟಿಸಿದರೆ ಏನಾದೀತು? ಬಸ್ಸಿಗೆ ಕಾದವರು ಒಮ್ಮೆ ಓದ್ತಾರೆ. ಅರ್ಥವಾಗದೆ ಇನ್ನೊಮ್ಮೆ ಓದ್ತಾರೆ. "ಏನ್ರೀ ಇದು, ವೆಲ್ಡಿಂಗ್ ಕೆಲಸಾ?" ಅಂತ ಯಾರೋ ಒಬ್ಬರು ನಗ್ತಾರೆ. ಅಷ್ಟರಲ್ಲಿ ಮಾನವಿ ಬಸ್ಸು ಬರ್ತದೆ. ಕಾಗದ ಅಲ್ಲೇ ಉಳೀತದೆ.

ನಕ್ಕವರದು ತಪ್ಪಲ್ಲ. "ಸಾರ್ವಜನಿಕ" ಎಂದು ಬರೆದು ಸಾರ್ವಜನಿಕರಿಗೆ ತಿಳಿಯದ ಹಾಗೆ ಕರೆದವರದು ತಪ್ಪು. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಒಂದೇ ಬಳಗದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಇದು ಎಂಬ ಭಾವನೆ ಜನರಲ್ಲಿದೆ. ಆ ಭಾವನೆಗೆ ಕಾರಣವೂ ಇದೆ.

ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಕಾಗದದ ಮೇಲಿನ ಶಬ್ದ ಪರಕೀಯ ಇರಬಹುದು, ಅದರೊಳಗಿನ ಸಂಗತಿ ಮಾತ್ರ ನಮ್ಮ ಜಿಲ್ಲೆಯದೇ.

ಕೋಟೆಯ ಕಲ್ಲು ನೋಡ್ಯಾರೇನು?

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಂತಿ ಮಾಡಿ ತಿರುಗಿ ಬರುವ ಸಾವಿರಾರು ಜನರಲ್ಲಿ ಕೋಟೆಯ ಪಡುವಣ ಗೋಡೆಯ ಆ ಉದ್ದನೆ ಕಲ್ಲನ್ನು ನಿಂತು ನೋಡಿದವರು ಎಷ್ಟು ಮಂದಿ? ಸುಮಾರು 41 ಅಡಿ ಉದ್ದದ ಒಂದೇ ಬಂಡೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸುದ್ದಿ ಅದರ ಮೇಲಿನ ತೆಲುಗು ಶಾಸನದಲ್ಲಿದೆ. ಅಷ್ಟೇ ಆಗಿದ್ದರೆ ಅದೂ ಹತ್ತರ ಕೂಡ ಹನ್ನೊಂದನೇ ಶಾಸನ ಆಗ್ತಿತ್ತು. ಆ ಬಂಡೆಯನ್ನು ಗಾಲಿ ಬಂಡಿಯ ಮೇಲೆ ಹೇರಿ, ಸಾಲು ಸಾಲು ಕೋಣ ಹೂಡಿ, ಆಳುಗಳು ಹೊಡಕೊಂಡು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ.

ಅಕ್ಷರ ಹೇಳುವುದು ದೊರೆ-ದಂಡನಾಯಕರ ಹೆಸರು. ಚಿತ್ರ ಹೇಳುವುದು ಕೋಣದ ಕತ್ತಿನ ಭಾರ, ಆಳಿನ ಬೆವರು. ಓದು ಬಂದವನಿಗೆ ಒಂದು ಕತೆ, ಬಾರದವನಿಗೆ ಇನ್ನೊಂದು. ಎರಡನ್ನೂ ಕೂಡಿಸಿ ನೋಡಿದವನಿಗೆ ಮಾತ್ರ ಪೂರ್ತಿ ಕತೆ. ಭಾಷಣಕಾರರು ಹೇಳುವ "ಬೆಸುಗೆ" ಅಂದರೆ ಇದೇ. ಏಳು ನೂರು ವರ್ಷದ ಹಿಂದಿನ ಕಲ್ಲುಕುಟಿಗನಿಗೆ ಅದು ಗೊತ್ತಿತ್ತು, ಅವನು ಯಾವ ಉಪನ್ಯಾಸಕ್ಕೂ ಹೋದವನಲ್ಲ.

ಇನ್ನೊಂದು ಉದಾಹರಣೆ ತೊಗಲುಗೊಂಬೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. 1997ರವರೆಗೆ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯದೇ ಭಾಗ. ಬಣ್ಣ ಬರೆದ ತೊಗಲು, ಹಿಂದೆ ದೀಪ, ಮುಂದೆ ಬಿಳಿ ಪರದೆ, ಜೊತೆಗೆ ರಾಮಾಯಣದ ಹಾಡು-ಮಾತು. ಇದರಲ್ಲಿ ಚಿತ್ರ ಯಾವುದು, ಸಾಹಿತ್ಯ ಯಾವುದು, ಬಿಡಿಸಿ ತೋರಿಸಿರಿ ನೋಡೋಣ!

ಪಂಡಿತರ ಆಟವೂ ಒಕ್ಕಲಿಗನ ಹೆಸರೂ

ಹಳೆಯ ಪಂಡಿತರೂ ಈ ಆಟ ಆಡಿದವರೇ. ಚಿತ್ರಕಾವ್ಯ ಎಂಬುದು ಸಂಸ್ಕೃತದಲ್ಲೂ ಕನ್ನಡದಲ್ಲೂ ಇದೆ. ಪದ್ಯದ ಅಕ್ಷರಗಳನ್ನು ತಾವರೆಯ ಎಸಳಿನಲ್ಲಿ ಕೂಡಿಸಿದರೆ ಪದ್ಮಬಂಧ, ಮದ್ದಳೆಯ ಬಾರಿನಂತೆ ಹೆಣೆದರೆ ಮುರಜಬಂಧ. ಎತ್ತು ನಡೆಯುತ್ತ ಉಚ್ಚೆ ಹೊಯ್ದರೆ ನೆಲದ ಮೇಲೆ ಸೊಟ್ಟ ಗೆರೆ ಬೀಳ್ತದಲ್ಲ, ಆ ಗೆರೆಯ ಹಾಗೆ ಅಕ್ಷರ ಓಡಿದರೆ ಅದಕ್ಕೆ ಗೋಮೂತ್ರಿಕ ಎಂದೇ ಹೆಸರು. ಇದನ್ನು ಹಿರೇಕೊಟ್ನೆಕಲ್ಲಿನ ಒಕ್ಕಲಿಗರಿಗೆ ಹೇಳಿ ನೋಡಿರಿ, ಯಾರೂ ಎದ್ದು ಹೋಗುವುದಿಲ್ಲ.

ಹೊಸಬರ ಮಾತೂ ಹಾಗೇ. ರವೀಂದ್ರನಾಥ ಟ್ಯಾಗೋರರು ಕವಿತೆ ಬರೆಯುವಾಗ ಹೊಡೆದುಹಾಕಿದ ಸಾಲುಗಳನ್ನೆಲ್ಲ ಗೆರೆಯಿಂದ ಕೂಡಿಸಿ ಹಕ್ಕಿ, ಮುಖ, ಮೃಗ ಮಾಡ್ತಿದ್ದರು. ಅಲ್ಲಿಂದ ಬೆಳೆದ ಚಿತ್ರಗಾರಿಕೆ 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಕಂಡಿತು. ತಪ್ಪು ಬರೆದ ಸಾಲಿನಿಂದಲೂ ಚಿತ್ರ ಹುಟ್ಟಬಹುದು ಎಂದು ತಿಳಿದರೆ, ತಪ್ಪಿಗೆ ಬೆತ್ತ ತಿನ್ನುವ ನಮ್ಮ ಹುಡುಗರಿಗೆ ಎಷ್ಟು ಧೈರ್ಯ ಬಂದೀತು!

ಕನ್ನಡದಲ್ಲಿ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಕಾದಂಬರಿಯಾಗಿ ಬಂತು, 1970ರಲ್ಲಿ ಸಿನಿಮಾ ಆಯ್ತು. ಅದರ ಕಲಾ ನಿರ್ದೇಶನ ಮಾಡಿದವರು ಚಿತ್ರಕಲಾವಿದ ಎಸ್.ಜಿ. ವಾಸುದೇವ್. ನವ್ಯದ ಕಾದಂಬರಿಕಾರ, ನವ್ಯದ ಚಿತ್ರಗಾರ ಒಂದೇ ಕೆಲಸಕ್ಕೆ ಕೈ ಹಚ್ಚಿದ ಆ ಸಿನಿಮಾಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು. ಕಾದಂಬರಿ ಓದದವರೂ ಆ ಸಿನಿಮಾ ನೋಡಿದರು.

ಇನ್ನು ಬಿ.ಕೆ.ಎಸ್. ವರ್ಮ. 2023ರಲ್ಲಿ ತೀರಿಕೊಂಡ ಈ ಕಲಾವಿದರು ಶತಾವಧಾನಿ ಗಣೇಶರು ವೇದಿಕೆಯ ಮೇಲೆ ನಿಂತಲ್ಲೇ ಪದ್ಯ ಕಟ್ಟುತ್ತಿದ್ದರೆ, ಪಕ್ಕದಲ್ಲೇ ನಿಂತು ಚಿತ್ರ ಬರೀತಿದ್ದರು. ಜನ ಕಿಕ್ಕಿರಿದು ನೋಡಿದರು. ಅದಕ್ಕೆ ಯಾರೂ "ಬೆಸುಗೆ" ಎಂದು ಹೆಸರಿಡಲಿಲ್ಲ. ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದರು, ಅಷ್ಟೆ. ಹೇಳುವವರಿಗೆ ಇದೇ ಪಾಠ.

ಅಂಗಡಿಕಾರರಿಗೆ ಇದರಿಂದೇನು?

ಕೇಳಬೇಕಾದ ಪ್ರಶ್ನೆಯೇ. ಕೆಲವು ವರ್ಷದ ಹಿಂದಿನ ಮಾತು ನೆನಪಿಸಿಕೊಳ್ಳಲಿ. ಅಂಗಡಿ ಇಟ್ಟರೆ ಮೊದಲು ಪೇಂಟರಿಗೆ ಹೇಳಿ ಕಳಿಸ್ತಿದ್ದರು. ಅವನು ತಗಡಿಗೆ ಬಣ್ಣ ಬಳಿದು, ಸುಣ್ಣದ ದಾರದಿಂದ ಗೆರೆ ಹೊಡೆದು, ಹೆಸರನ್ನು ಡೊಂಕು-ನೆರಳು ಕೊಟ್ಟು ಬರೀತಿದ್ದ. ಕಟಿಂಗ್ ಅಂಗಡಿಯಾದರೆ ಒಂದು ಮುಖ, ಸೈಕಲ್ ಅಂಗಡಿಯಾದರೆ ಗಾಲಿ, ಖಾನಾವಳಿಯಾದರೆ ಹೊಗೆಯಾಡುವ ತಾಟು. ಓದು ಬಾರದ ಮುದುಕಿಯೂ ಯಾವ ಅಂಗಡಿ ಅಂತ ಗುರುತು ಹಿಡೀತಿದ್ದಳು. ಒಬ್ಬೊಬ್ಬ ಪೇಂಟರಿನ 'ಕ' ಒಂದೊಂದು ಥರ. ಲಾರಿಯ ಹಿಂದೆ ಬರೆದದ್ದು ನೋಡಿಯೇ ಇದು ಯಾರ ಕೈ ಎಂದು ಹೇಳುವವರಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ಅಗ್ಗ, ಬೇಗ, ಮುಖ ಫೋಟೋದಂತೆ ಫಳಫಳ. ಪೇಂಟರು ಗೋಡೆಗೆ ಸುಣ್ಣ ಹೊಡೆಯುವ ಕೆಲಸಕ್ಕೋ, ಬೆಂಗಳೂರಿಗೆ ಗುಳೆಗೋ ಹೋದ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಆದೇಶ ಕಡತದಲ್ಲಿದೆ, ಫ್ಲೆಕ್ಸ್ ಕಂಬದಲ್ಲಿದೆ. ಹುಟ್ಟುಹಬ್ಬದ ಶುಭಾಶಯ ಗಾಳಿಗೆ ಹರಿದು ಹೊಲಕ್ಕೆ ಬೀಳ್ತದೆ, ದನ ಬಾಯಿ ಹಾಕ್ತದೆ.

ಹೀಗಾಗಿ ಊರಲ್ಲಿ ಅಕ್ಷರ-ಚಿತ್ರ ಎರಡನ್ನೂ ಕೂಡಿಸಿ ಅನ್ನ ತಿನ್ನುತ್ತಿದ್ದ ಒಬ್ಬನೇ ಕಲಾವಿದ ಕೆಲಸ ಕಳಕೊಂಡಿರುವಾಗ, ಪಟ್ಟಣದ ಸಭಾಂಗಣದಲ್ಲಿ "ಬೆಸುಗೆ"ಯ ಭಾಷಣ ನಡೀತದೆ. ಇದಕ್ಕಿಂತ ವಿಚಿತ್ರ ಇನ್ನೇನು ಬೇಕು?

ನಾಲೆಗೆ ನೀರಿಲ್ಲ, ಚಿತ್ರ ಯಾಕೆ?

ಇಂಥ ಮಾತಿಗೂ ಉತ್ತರ ಕೊಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಗೋಳು ಮಾನವಿ ತಾಲೂಕಿಗೆ ಹೊಸದಲ್ಲ. ನೀರು ಬೇಕು, ಬಸ್ಸು ಬೇಕು, ಡಾಕ್ಟರು ಬೇಕು. ಅವು ಬಂದ ಮೇಲೆ ಉಳಿದದ್ದು ಎಂದರೆ ಉಳಿದದ್ದು ಎಂದೂ ಬರುವುದಿಲ್ಲ. ನೀರು ಕೇಳುವ ಮನವಿಯನ್ನೂ ನೆಟ್ಟಗೆ ಬರೆಯಬೇಕು, ಧರಣಿಯ ಬೋರ್ಡನ್ನೂ ಕಣ್ಣಿಗೆ ಹೊಡೆಯುವಂತೆ ಬರೆಯಬೇಕು. ಅಧಿಕಾರಿಯ ಕಣ್ಣು ಮೊದಲು ನಿಲ್ಲುವುದು ಬೋರ್ಡಿನ ಮೇಲೆ. ಬರೆಯಲು, ಬಿಡಿಸಲು ಬಾರದ ಊರಿನ ಗೋಳು ಊರಲ್ಲೇ ಉಳೀತದೆ.

ಹಳ್ಳಿಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಮಾಸ್ತರರೇ ಇಲ್ಲ. ಚಿತ್ರದ ಪಿರಿಯಡ್ಡು ಎಂದರೆ ಹುಡುಗರು ಮೈದಾನಕ್ಕೆ. ಚಿತ್ರ ಬರೆಯುವ ಹುಡುಗ ಅಂದರೆ "ಓದೋದು ಬಿಟ್ಟು ಗೀಚ್ತಾನ" ಎಂಬ ಬೈಗುಳ. ಇದೇ ಮಾನವಿ ತಾಲೂಕಿನ ಬೆಟ್ಟದೂರಿನಿಂದ ಶಂಕರಗೌಡರಂಥ ಚಿತ್ರಕಲಾವಿದರು ಬಂದರು ಎಂಬುದನ್ನು ಆ ಹುಡುಗನಿಗೆ ಯಾರು ಹೇಳಬೇಕು?

ಆಗಬೇಕಾದ್ದು

ಲಲಿತಕಲಾ ಅಕಾಡೆಮಿ, ಸಾಹಿತ್ಯ ಪರಿಷತ್ತು, ಸಂಸ್ಕೃತಿ ಇಲಾಖೆ, ಮೂವರೂ ಕಿವಿಗೊಡಲಿ. ಭಾಷಣ ಹಿರೇಕೊಟ್ನೆಕಲ್ಲಿಗೆ ಬರಲಿ. ಸಂಜೆ, ಹೊಲದಿಂದ ಜನ ತಿರುಗಿದ ಮೇಲೆ, ಶಾಲೆಯ ಅಂಗಳದಲ್ಲಿ ನಡೆಯಲಿ. ಹಾರ-ತುರಾಯಿ, ಸ್ವಾಗತ-ವಂದನಾರ್ಪಣೆ ಅರ್ಧ ತಾಸು ನುಂಗದಿರಲಿ. ಭಾಷಣಕಾರರು ಮೊದಲು ಕೋಟೆಯ ಕಲ್ಲಿನ ಚಿತ್ರ ಪರದೆಯ ಮೇಲೆ ತೋರಿಸಲಿ, ಆಮೇಲೆ ಪ್ಯಾರಿಸ್ಸಿಗೆ ಹೋಗಲಿ. ಮಾತು ಮುಗಿದ ಮೇಲೆ ಶಾಲೆಯ ಒಂದು ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡಲಿ. ಮಕ್ಕಳು ತಮ್ಮ ಅಜ್ಜಿ ಹೇಳಿದ ಒಂದೊಂದು ಗಾದೆ ಬರೆದು ಅದರ ಚಿತ್ರ ಬಿಡಿಸಲಿ. ಹೇಳಿಕೊಡಲು ಊರ ಹಳೆಯ ಪೇಂಟರನ್ನೇ ಕರೀರಿ, ಅವನಿಗೂ ಭಾಷಣಕಾರರಿಗೆ ಕೊಟ್ಟಂತೆ ಸಂಭಾವನೆ ಕೊಡಿರಿ.

ಅಂಗಡಿ ಸಾವ್ಕಾರರೂ ಒಂದು ಮಾಡಬಹುದು. ಈ ಸಲ ಬೋರ್ಡು ಹರಿದಾಗ ಫ್ಲೆಕ್ಸಿನವನಿಗೆ ಫೋನ್ ಮಾಡುವ ಮುಂಚೆ ಪೇಂಟರ್ ಎಲ್ಲಿದ್ದಾನೆ ಎಂದು ವಿಚಾರಿಸಲಿ. ತಗಡಿನ ಬೋರ್ಡಿಗೆ ರೊಕ್ಕ ನಾಲ್ಕು ಹೆಚ್ಚು ಹೋದೀತು, ಅದು ಗಾಳಿಗೆ ಹರಿದು ಹೊಲಕ್ಕೆ ಬೀಳುವುದಿಲ್ಲ.

ಊರ ಹೆಸರಿನ ಕೊನೆಗೇ ಕಲ್ಲು ಇದೆ. ಈ ಜಿಲ್ಲೆಯಲ್ಲಿ ಕಲ್ಲು ಮಾತಾಡಿದ್ದೂ ಉಂಟು, ಚಿತ್ರ ಬಿಡಿಸಿದ್ದೂ ಉಂಟು. ಇಷ್ಟಾದ ಮೇಲೂ ಚಹಾದಂಗಡಿಯ ಕಾಗದ ಓದಿ ಜನ ನಕ್ಕರೆ, ಆ ನಗು ಕಾಗದ ಬರೆದವರಿಗೇ ಸಲ್ಲಬೇಕು.